ಅಲೋಶಿಯಸ್ ಚಾಪೆಲ್‌ನ ಗೋಡೆ ನೋಡಿ ಬಂದೆ

ಪುತ್ತೂರು ಕಡೆ ಮನೆಗಳಿಗೆ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುವವನು ನಾನು. ಇಪ್ಪತ್ತೆರಡು ವರ್ಷ ಆಯ್ತು. ಯಾವ ಕಟ್ಟಡಕ್ಕೆ ಹೋದರೂ ಕಣ್ಣು ಮೊದಲು ಗೋಡೆಯ ಮೂಲೆಗೇ ಹೋಗುತ್ತದೆ. ನೀರು ಇಳಿದಿದೆಯಾ, ಬಣ್ಣ ಉಬ್ಬಿದೆಯಾ ಅಂತ. ಮಂಗಳೂರು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲೂ ಅದೇ ಚಾಳಿ.

ಒಳಗೆ ಖಾಲಿ ಜಾಗ ಹುಡುಕಬೇಕು ಮಾರಾಯ್ರೆ. ಗೋಡೆ, ಕಮಾನು, ಸೀಲಿಂಗ್, ಎಲ್ಲಿ ನೋಡಿದರೂ ಚಿತ್ರ. ಸೀಲಿಂಗ್ ನಡುವೆ ಸಂತ ಅಲೋಶಿಯಸರ ಕತೆ ಉಂಟು. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ, 1591ರಲ್ಲಿ 23ನೇ ವಯಸ್ಸಿಗೇ ತೀರಿಕೊಂಡವರು. ಹಿಂದಿನ ಗೋಡೆಯಲ್ಲಿ ಮಕ್ಕಳ ನಡುವೆ ಯೇಸು.

ಬರೆದವರು ಆಂಟೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಾಮೊ ಕಡೆಯವರು, ಜೆಸ್ವಿಟ್ ಅನ್ನುವ ಕ್ರೈಸ್ತ ಸಂಘದ ಬ್ರದರ್. ಕೆಲಸ ನಡೆದದ್ದು 1900ರ ಆಸುಪಾಸಿನಲ್ಲಿ. 1905ರಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆಯದ್ದು ಫ್ರೆಸ್ಕೊ. ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿ ಕುಡಿದು ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ನಮ್ಮ ಎಮಲ್ಷನ್ ತರ ಮೇಲೆ ಕೂರುವ ಪದರ ಅಲ್ಲ. ಗಾರೆ ಒಣಗಿದರೆ ಕತೆ ಮುಗೀತು. ಹಾಗಾಗಿ ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಗಾರೆ ಮೆತ್ತಬೇಕು. ನನ್ನ ಹುಡುಗರಿಗೆ ಈ ಕೆಲಸ ಕೊಟ್ಟರೆ ಮಧ್ಯಾಹ್ನದ ಊಟಕ್ಕೂ ಬಿಡುವಿಲ್ಲ! ಸೀಲಿಂಗ್‌ನದ್ದು ಬೇರೆ, ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ.

ನಾನು ಮುಖ್ಯವಾಗಿ ಹೋದದ್ದು ರಿಪೇರಿ ನೋಡಲು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು, ಸಾಲದ್ದಕ್ಕೆ ಸಮುದ್ರದ ಗಾಳಿ. ಗೋಡೆ ಹಸಿ ಹಿಡಿದರೆ ಒಳಗಿನ ಉಪ್ಪು ಹೊರಗೆ ಬಂದು ಬಣ್ಣವನ್ನು ಪುಡಿ ಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಹಳೆಯ ಕಟ್ಟಡ, ಕಲೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯವರು ಈ ಚಿತ್ರಗಳನ್ನು ಸರಿಪಡಿಸಿದರು. ಎಲ್ಲಿ ಕೈ ಹಾಕಿದ್ದಾರೆ ಅಂತ ಅರ್ಧ ಗಂಟೆ ಹುಡುಕಿದೆ. ನನಗೆ ಸಿಗಲಿಲ್ಲ. ಈ ಕೆಲಸದ ನಿಯಮವೇ ಹಾಗೆ: ಬಣ್ಣ ಹೋದಲ್ಲಿ ಅಷ್ಟೇ ತುಂಬಬೇಕು, ಹಳೆಯದರ ಮೇಲೆ ಬ್ರಷ್ ತಾಗಬಾರದು, ತುಂಬಿದ್ದನ್ನು ಮುಂದೆ ಬೇಕಾದರೆ ತೆಗೆಯಲು ಬರಬೇಕು.

ಆ ರಿಪೇರಿ ನೋಡಿ ನನಗೆ ಹೊಟ್ಟೆ ಉರಿಯಲು ಕಾರಣ ಉಂಟು. ಹತ್ತು ವರ್ಷದ ಹಿಂದೆ ಒಂದು ಹಳೇ ಮನೆಯ ಸುಣ್ಣದ ಗೋಡೆಗೆ ನಾನೇ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ ಹೊಡೆದೆ. ಬಾಗಿಲ ಸುತ್ತ ಕೈಯಲ್ಲಿ ಬರೆದ ಬಳ್ಳಿ ಇತ್ತು, ಅದರ ಮೇಲೂ. ಮನೆಯವರಿಗೆ ಖುಷಿಯೋ ಖುಷಿ. ಗೋಡೆಗೆ ಉಸಿರಾಡಲು ಜಾಗ ಇಲ್ಲ ಅಲ್ವಾ? ಎರಡು ಮಳೆಗಾಲ ಕಳೆದದ್ದೇ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಚೂರೊಂದನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಆ ಬಳ್ಳಿಯ ಎರಡು ಎಲೆ ಅಂಟಿಕೊಂಡಿತ್ತು. ಆ ಕೆಲಸದ ಬಾಕಿ ದುಡ್ಡು ನಾನು ಕೇಳಲಿಲ್ಲ.

ಹೋಗುವವರಿಗೆ ಎರಡು ಮಾತು. ಫ್ರೆಸ್ಕೊ ಮಿಂಚುವುದಿಲ್ಲ, ಹೊಸ ಮದುವೆ ಹಾಲ್‌ನ ಹೊಳಪು ಹುಡುಕಬೇಡಿ. ಒಳಗೆ ಫೋಟೋ ತೆಗೆಯುವಂತಿಲ್ಲ, ನನಗಂತೂ ಅದು ಒಳ್ಳೆಯದೇ ಆಯ್ತು. ಹಿಂದಿನ ಬೆಂಚಲ್ಲಿ ಸುಮ್ನೆ ಕೂತು ತಲೆ ಎತ್ತಿ ನೋಡಿ, ಕುತ್ತಿಗೆ ನೋಯುತ್ತದೆ ಬಿಡಿ. ನಮ್ಮ ಪಕ್ಕದಲ್ಲಿ ಒಬ್ಬರು ಮಗನಿಗೆ ತೋರಿಸಲು ಗೋಡೆಗೆ ಬೆರಳು ಒತ್ತಿದರು. ದಯವಿಟ್ಟು ಬೇಡ, ಕೈಯ ಬೆವರು ಗೋಡೆಗೆ ಆಗುವುದಿಲ್ಲ.

ರಿಪೇರಿ ಕೆಲಸಕ್ಕೆ ನನ್ನ ಲೆಕ್ಕದಲ್ಲಿ 5ಕ್ಕೆ 5. ಜೊತೆಗೆ ಬಂದಿದ್ದ ನನ್ನ ಹೆಲ್ಪರ್ ಹುಡುಗ ಒಂದು ನಿಲುವಂಗಿಯ ಹಸಿರನ್ನೇ ತುಂಬ ಹೊತ್ತು ನೋಡಿದ. ಹೊರಗೆ ಬಂದಮೇಲೆ ಕೇಳಿದ: "ಅಣ್ಣಾ, ಆ ಹಸಿರು ನಮ್ಮ ಶೇಡ್ ಕಾರ್ಡ್‌ನಲ್ಲಿ ಯಾಕಿಲ್ಲ?"