ಕಲಬುರಗಿ ಜಾಮಿ ಮಸೀದಿಯ 3ಡಿ ಮಾದರಿಗೆ ಬೆಳಕು: ಬೇಕಿಂಗೋ, ನ್ಯೂರಲ್ಲೋ?

ಕೋಟೆಯೊಳಗಿನ ಈ ಮಸೀದಿಗೆ (1367) ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. ಒಳಕಮಾನುಗಳಿಗೆ ಸಿಗುವುದು ಬಹುಪಾಲು ನೆಲ, ಗೋಡೆಗೆ ಬಡಿದು ಬಂದ ಬೆಳಕೇ. ಗ್ರಾಫಿಕ್ಸ್‌ನಲ್ಲಿ ಕಷ್ಟವಿರುವುದೂ ಅಲ್ಲೇ.

ಬಿಸಿಲು ಒಂದೇ ಕಡೆ ನಿಂತಿದ್ದರೆ ಸಾಕು, ಮೊಬೈಲಿನಲ್ಲೂ ಓಡಬೇಕು ಅಂದರೆ ಲೈಟ್‌ಮ್ಯಾಪ್ ಬೇಕ್ ಮಾಡಿ, ಅಂದರೆ ಬೆಳಕನ್ನು ಮೊದಲೇ ಲೆಕ್ಕಹಾಕಿ ಮೇಲ್ಮೈಗೆ ಹಚ್ಚುವ ಚಿತ್ರವಾಗಿ ಉಳಿಸಿಡಿ. ಕಂಬದ ಬುಡದಲ್ಲಿ ಬೆಳಕು ಸೋರಿದರೆ ಯುವಿ ತುಂಡುಗಳ (ಮಾದರಿಯ ಮೇಲ್ಮೈಯನ್ನು ಚಪ್ಪಟೆಯಾಗಿ ಬಿಡಿಸಿದ ಭಾಗಗಳು) ನಡುವೆ 2–4 ಪಿಕ್ಸೆಲ್ ಅಂತರ ಕೊಡಿ. ಸೂರ್ಯನನ್ನು ಸರಿಸಿದರೆ ಮತ್ತೆ ಬೇಕ್ ಮಾಡಲೇಬೇಕು.

ಬೆಳಗಿನಿಂದ ಸಂಜೆವರೆಗೆ ಬಿಸಿಲು ಜರುಗಬೇಕೇ? ಪಾತ್ ಟ್ರೇಸಿಂಗ್ (ಬೆಳಕಿನ ಕಿರಣ ಬಡಿದು ಸಾಗುವ ದಾರಿಯನ್ನು ಲೆಕ್ಕಹಾಕುವುದು) ಜೊತೆ ನ್ಯೂರಲ್ ರೇಡಿಯನ್ಸ್ ಕ್ಯಾಶ್ (ಎಲ್ಲಿ ಎಷ್ಟು ಬೆಳಕೆಂದು ಕಲಿತಿಡುವ ನ್ಯೂರಲ್ ನೆಟ್‌ವರ್ಕ್) ಹಾಕಿ. ನಮ್ಮ ಒಲವು ಇದಕ್ಕೇ. ಎನ್‌ವಿಡಿಯಾ ಸಂಶೋಧಕರು 2021ರಲ್ಲಿ ತೋರಿಸಿದ ವಿಧಾನ ಇದು. ಪುಟ್ಟ ನೆಟ್‌ವರ್ಕ್ ಚಿತ್ರ ಮೂಡುತ್ತಿರುವಾಗಲೇ ಕಲಿಯುತ್ತದೆ, ಮುಂಚಿತ ತರಬೇತಿ ಬೇಡ. ಕಿರಣವನ್ನು ಬೇಗ ನಿಲ್ಲಿಸಿ, ಮುಂದಿನ ಬೆಳಕನ್ನು ಆ ನೆಟ್‌ವರ್ಕಿನಿಂದ ಅಂದಾಜಿಸುತ್ತಾರೆ. ರೇ ಟ್ರೇಸಿಂಗ್ (ಕಿರಣಗಳ ಲೆಕ್ಕ) ಸೌಲಭ್ಯವಿರುವ ಗ್ರಾಫಿಕ್ಸ್ ಕಾರ್ಡು ಬೇಕು. ಚಿತ್ರದ ಚುಕ್ಕೆಚುಕ್ಕೆ ಗದ್ದಲ ತೆಗೆಯುವ ಡಿನಾಯ್ಸರ್‌ಗೆ ಮೋಷನ್ ವೆಕ್ಟರ್ (ಪ್ರತಿ ಪಿಕ್ಸೆಲ್ ಎತ್ತ ಎಷ್ಟು ಸರಿಯಿತೆಂಬ ಮಾಹಿತಿ) ತಪ್ಪಾಗಿ ಹೋದರೆ ಚಲಿಸುವ ವಸ್ತುವಿನ ಹಿಂದೆ ಮಸುಕು ಬಾಲ ಕಾಣುತ್ತದೆ; ಮೊದಲು ಅದನ್ನೇ ಪರೀಕ್ಷಿಸಿ.