ಬಿಳಿ ಹೊಗೆಗೆ ಸರಿಯಾದ ಮದ್ದು: ಯಲ್ಲಾಪುರ ರಸ್ತೆಯ ಗ್ಯಾರೇಜ್, ಶಿರಸಿ

ಬೋರ್ಡಿಲ್ಲ, ಹೆಸರಿಲ್ಲ. ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದರೆ ಎಡಕ್ಕೆ ತಗಡಿನ ಶೆಡ್, ಎದುರಿಗೆ ಎರಡು ಮೂರು ಹಳೆ ಓಮ್ನಿ. ಅದೇ ಗ್ಯಾರೇಜ್.

ನಮ್ಮ ಓಮ್ನಿ ದೇವಿಮನೆ ಘಟ್ಟ ಹತ್ತುವಾಗ ಕಾದು ನಿಂತಿತ್ತು. ಬೇರೆ ಕಡೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಕೆಳಗೆ ಸೋರದಂತೆ ಕೂರಿಸುವ ತೆಳು ಹಾಳೆ) ಹಾಕಿಸಿದೆ. ಗಾಡಿ ಓಡಿತು, ಆದರೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. "ಒಳಗೆ ನಿಂತ ನೀರು, ಓಡ್ತಾ ಓಡ್ತಾ ಹೋಗ್ತದೆ" ಅಂದರು. ಆ ಮಾತು ಸುಳ್ಳಲ್ಲ, ಕೆಲಸ ಆದ ಮೇಲೆ ಸ್ವಲ್ಪ ಹೊತ್ತು ಹಾಗೆ ಬರುವುದುಂಟು. ಆದರೆ ವಾರಗಟ್ಟಲೆ ಬರುತ್ತದಾ? ಇಂಜಿನ್ ತಣ್ಣಗಿಡುವ ಕೂಲಂಟ್ ಬೇರೆ ಇಳಿಯುತ್ತಲೇ ಇತ್ತು. ಮತ್ತೆ ಕೇಳಿದರೆ "ಇಂಜಿನ್ನೇ ಬದಲಿಸಿ" ಎಂಬ ಸಲಹೆ.

ಇಲ್ಲಿಯ ಮೇಸ್ತ್ರಿ ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. "ಭಟ್ರೇ, ಬೆಳಿಗ್ಗೆ ಮಾತ್ರವಾ, ಕಾದ ಮೇಲೂ ಬರ್ತದಾ?" ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಎಲ್ಲ ಗಾಡಿಯೂ ಬಿಳಿ ಹೊಗೆ ಬಿಡುತ್ತದೆ. ಅದು ಬರೀ ಆವಿ, ಇಂಜಿನ್ ಕಾದರೆ ಮಾಯ. ನಮ್ಮದು ಕಾದ ಮೇಲೂ ನಿಲ್ಲುತ್ತಿರಲಿಲ್ಲ. ಮೂಸಿದರೆ ಸಿಹಿ ವಾಸನೆ, ಅಂದರೆ ಕೂಲಂಟ್ ಸುಡುತ್ತಿದೆ. ನೀಲಿ ಆಗಿದ್ದರೆ ಆಯಿಲ್, ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಅಷ್ಟು ಹೇಳಿ ಮುಂದೆ ಹೋದರು.

ಸೀಟೆತ್ತಿ ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಎರಡು ಕಂದು ಬಣ್ಣ, ನಡುವಿನದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಆಮೇಲೆ ರೇಡಿಯೇಟರ್‌ಗೆ ಪಂಪು ಕಟ್ಟಿ, ಮುಚ್ಚಳದ ಮೇಲೆ ಬರೆದಷ್ಟೇ ಪ್ರೆಷರ್ ಕೊಟ್ಟು ರಾತ್ರಿ ಹಾಗೇ ಬಿಟ್ಟರು. ಬೆಳಿಗ್ಗೆ ಪ್ಲಗ್ ತೆಗೆದು ಸೆಲ್ಫ್ ಹೊಡೆದಾಗ ನಡುವಿನ ತೂತಿನಿಂದ ನೀರು ಚಿಮ್ಮಿತು. ಇನ್ನೇನು ಸಾಕ್ಷಿ ಬೇಕು? ಹೆಡ್ ಬಿಚ್ಚಿದ್ದು ಆಮೇಲೆಯೇ.

ಹೆಡ್ ಅಲ್ಯೂಮಿನಿಯಂ. ಕಾದಾಗ ಸೊಟ್ಟಗಾಗಿದೆ. ಅದನ್ನು ನೋಡದೆ ಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಿದ್ದಾರೆ, ಅಷ್ಟೇ ಕಥೆ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ಫೀಲರ್ ಗೇಜಿನ 0.05 ಮಿ.ಮೀ. ಎಲೆಯನ್ನು ಪಟ್ಟಿಯಡಿ ತೂರಿಸಿ ನನಗೇ ತೋರಿಸಿದರು. ಸಲೀಸಾಗಿ ಹೋಯಿತು. ಬಿರುಕು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹುಬ್ಬಳ್ಳಿಗೆ ಫೇಸಿಂಗ್‌ಗೆ, ಅಂದರೆ ಮಷಿನ್ನಿನಲ್ಲಿ ಸಮತಟ್ಟು ಮಾಡಿಸಲು, ಕಳಿಸಿದರು. ಜೋಡಿಸುವಾಗ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಅಲ್ಲ, ಹಂತಹಂತವಾಗಿ ಟಾರ್ಕ್ ರೆಂಚಿನಲ್ಲೇ ಬಿಗಿದರು. ಕೈ ಅಂದಾಜಿಗೆ ಬಿಗಿಯುವವರೇ ಜಾಸ್ತಿ, ಅಲ್ವಾ?

ಬಾವಿ ನೀರು ಹಾಕಬೇಡಿ, ಕೂಲಂಟೇ ಹಾಕಿ ಅಂತ ಗದರಿಸಿದರು. "ಸ್ವಲ್ಪ ದೂರ ಹೊಗೆ ಬರ್ತದೆ, ಹೆದರಬೇಡಿ, ಬನವಾಸಿ ತನಕ ಹೋಗಿ ಬನ್ನಿ" ಅಂತಲೂ ಮೊದಲೇ ಹೇಳಿದ್ದರು. ಹೋಗುವಾಗ ಬಂತು. ಬರುವಾಗ ಇಲ್ಲ. ಮಾರನೇ ದಿನ ಕೂಲಂಟ್ ಮಟ್ಟವೂ ಇದ್ದಲ್ಲೇ ಇತ್ತು.

ದೂರು ಇಲ್ಲವೆಂದಲ್ಲ. ಹೆಡ್ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. ಖರ್ಚೆಷ್ಟು ಅಂತ ಮೊದಲೇ ಕೇಳಿದರೆ "ನೋಡುವಾ" ಅಂತಾರೆ. ಬಿಲ್ಲು ಬರೆದು ಕೊಡಲಿಲ್ಲ, ಆದರೆ ಹಳೆ ಗ್ಯಾಸ್ಕೆಟ್ ಕೈಗೆ ಕೊಟ್ಟರು. ಫೋನಂತೂ ಎತ್ತುವುದೇ ಇಲ್ಲ. ಹೋಗುವುದಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ತಣ್ಣಗಿನ ಇಂಜಿನ್ ಸಿಗದೆ ಅವರು ಏನನ್ನೂ ಹೇಳುವುದಿಲ್ಲ.