ಎಂ390 ಅಲಗಿನ ಮಡಚುವ ಚಾಕು: ನಾಲ್ಕು ವರ್ಷ ಜೇಬಿನಲ್ಲಿಟ್ಟುಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಚಾಕು ಚೆನ್ನಾಗಿದೆ. ಆದರೆ ಅದು ಚೆನ್ನಾಗಿ ಆದದ್ದು ಮೂರನೇ ವರ್ಷದಲ್ಲಿ, ಅದೂ ಬೇರೆಯವರ ಕೈಯಿಂದ.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಚಾಕು ಚೂರಿಗೇ ಹೆಸರಾದ ಊರು, 1913ರಲ್ಲಿ ಹ್ಯಾರಿ ಬ್ರೇರ್ಲಿ ಸ್ಟೇನ್‌ಲೆಸ್ ಸ್ಟೀಲ್ ಮಾಡಿದ್ದೂ ಇಲ್ಲೇ. ಈ ದೇಶದಲ್ಲಿ ಸರಿಯಾದ ಕಾರಣ ಇಲ್ಲದೆ ಹೊರಗೆ ಚಾಕು ಇಟ್ಟುಕೊಂಡು ಓಡಾಡಬೇಕಾದರೆ ಅದು ಮಡಚುವಂಥದ್ದಾಗಿರಬೇಕು, ಬಾಯಿ 3 ಇಂಚು ಮೀರಬಾರದು, ಲಾಕ್ ಇರಬಾರದು. ಹಾಗಾಗಿ ಅಜ್ಜಂದಿರ ಕಾಲದ ಸ್ಲಿಪ್‌ಜಾಯಿಂಟ್ ಚಾಕುವೇ ಗತಿ. ಬೆನ್ನಿಗೊಂದು ಸ್ಪ್ರಿಂಗ್, ಉಗುರು ಸಿಕ್ಕಿಸಲು ಅಲಗಿನ ಮೇಲೊಂದು ಗೀರು, ಅಷ್ಟೇ.

ಮೊದಲು ನನ್ನ ಹತ್ತಿರ ಇದ್ದದ್ದು ಇಲ್ಲಿಯದೇ ಲ್ಯಾಂಬ್ಸ್‌ಫುಟ್, ನೇರ ಬಾಯಿಯ ಹಳೇ ಮಾದರಿಯ ಚಾಕು, ಸಾದಾ ಕಾರ್ಬನ್ ಸ್ಟೀಲಿನದು. ಸೇಬು ಹೆಚ್ಚಿ ಒರೆಸದೆ ಮಡಚಿಟ್ಟರೆ ಸಂಜೆಗೆ ಕಪ್ಪು ಕಲೆ. ನಿಂಬೆಹಣ್ಣಿಗೆ ತಾಗಿಸಿದರಂತೂ ಹಣ್ಣಿಗೇ ಕಬ್ಬಿಣದ ವಾಸನೆ. ಇದರಿಂದ ಬೇಸತ್ತು ಸುಮಾರು 120 ಪೌಂಡ್ ಕೊಟ್ಟು ಇಟಲಿಯ ಮನಿಯಾಗೊದಲ್ಲಿ ತಯಾರಾದ ಈ ಎಂ390 ಚಾಕು ತರಿಸಿದೆ. ಕಂಪನಿ ಹೆಸರು ಬೇಡ, ಮುಂದೆ ದೂರು ಇದೆ.

ಎಂ390 ಆಸ್ಟ್ರಿಯಾದ ಬೋಲರ್ ಕಂಪನಿಯ ಉಕ್ಕು. ಇಂಗಾಲ ಶೇ. 1.9, ಕ್ರೋಮಿಯಂ ಶೇ. 20, ವೆನೇಡಿಯಂ ಶೇ. 4. ಇಷ್ಟೆಲ್ಲ ತುಂಬಿಸಿ ಮಾಮೂಲಿಯಾಗಿ ಎರಕ ಹೊಯ್ದರೆ ಒಳಗೆ ಕಾರ್ಬೈಡ್‌ಗಳು (ಇಂಗಾಲ ಲೋಹದ ಜೊತೆ ಸೇರಿ ಆಗುವ ಗಟ್ಟಿ ಕಣಗಳು) ದಪ್ಪ ಹರಳಾಗಿ ಗುಂಪುಗಟ್ಟುತ್ತವೆ. ಅದಕ್ಕೇ ಕರಗಿದ ಉಕ್ಕನ್ನು ಚಿಮ್ಮಿಸಿ ಪುಡಿ ಮಾಡಿ, ಆ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡುತ್ತಾರೆ. ಗಡಸುತನ ರಾಕ್‌ವೆಲ್ ಲೆಕ್ಕದಲ್ಲಿ 60ರ ಆಸುಪಾಸು. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್ ಚಾಕುವಿನ ಅಲಗು 56, ಹೋಲಿಕೆಗೆ ಹೇಳಿದೆ.

ಮನೆ ಬದಲಾಯಿಸಿದಾಗ ನಲವತ್ತು ಚಿಲ್ಲರೆ ರಟ್ಟಿನ ಡಬ್ಬ ಬಿಚ್ಚಿ, ರೀಸೈಕಲ್‌ಗೆ ಹಾಕಲು ಅವನ್ನೆಲ್ಲ ತುಂಡು ಮಾಡಿ, ಚಾಕು ತೊಳೆದು ಟೊಮೆಟೊ ಮೇಲಿಟ್ಟರೆ ಸಿಪ್ಪೆ ಸದ್ದಿಲ್ಲದೆ ಕೊಯ್ದುಕೊಂಡು ಹೋಯಿತು. ಲ್ಯಾಂಬ್ಸ್‌ಫುಟ್ ಆಗಿದ್ದರೆ ಹತ್ತನೇ ಡಬ್ಬಕ್ಕೇ ಸುಸ್ತು.

ಆದರೆ ಸೇಬು? ಹೆಚ್ಚುವುದಿಲ್ಲ, ಒಡೆಯುತ್ತದೆ. ಅರ್ಧಕ್ಕೆ ಇಳಿಯುವಷ್ಟರಲ್ಲಿ ಟಕ್ ಅಂತ ಹಣ್ಣೇ ಎರಡು ಹೋಳು. ಕ್ಯಾರೆಟ್ ತುಂಡು ಹಾರಿ ನೆಲಕ್ಕೆ. ಮೊಂಡಾಗಿದೆಯೇನೋ ಅಂತ ನೋಡಿದರೆ ಮುಂಗೈ ಕೂದಲು ಹೆರೆಯುವಷ್ಟು ಹರಿತ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ತೊಂದರೆ ಉಕ್ಕಿನದಲ್ಲ, ದಪ್ಪದ್ದು. ಬಾಯಿಯ ಹಿಂದೆಯೇ ಅಲಗನ್ನು ದಪ್ಪ ಬಿಟ್ಟಿದ್ದಾರೆ. ಲ್ಯಾಂಬ್ಸ್‌ಫುಟ್ ಅಲ್ಲಿ ಕಾಗದದ ಹಾಗಿದೆ, ಅರ್ಧ ಮೊಂಡಾಗಿದ್ದರೂ ಸೇಬಿನೊಳಗೆ ನುಸುಳುತ್ತದೆ. ಇಷ್ಟು ಗಟ್ಟಿ ಉಕ್ಕು ತರುವುದೇ ಅಲಗನ್ನು ಇನ್ನೂ ತೆಳ್ಳಗೆ ಮಾಡಬಹುದು ಅಂತ ಅಲ್ವಾ?

ಮಸೆಯುವುದು ಇನ್ನೊಂದು ಕಥೆ. ಊರಿಂದ ತಂದ ಸಾಣೆಕಲ್ಲಿನ ಮೇಲೆ ಒಂದು ಗಂಟೆ ಉಜ್ಜಿದೆ, ಕಲ್ಲು ಸವೆಯಿತು. ಉಕ್ಕಿನೊಳಗಿನ ವೆನೇಡಿಯಂ ಕಾರ್ಬೈಡ್ ಆ ಕಲ್ಲಿಗಿಂತ ಗಟ್ಟಿ. ವಜ್ರದ ಪುಡಿ ಹಚ್ಚಿದ ಡೈಮಂಡ್ ಪ್ಲೇಟ್ ತಂದ ಮೇಲೆ ಹತ್ತು ನಿಮಿಷದ ಕೆಲಸ, ಅದೂ ವರ್ಷಕ್ಕೆ ನಾಲ್ಕೈದು ಸಲ.

ಎರಡೂವರೆ ವರ್ಷವಾದಾಗ ಕೈಜಾರಿ ಟೈಲ್ಸ್ ಮೇಲೆ ಬಿದ್ದು ಮೂತಿ ಒಂದು ಮಿಲಿಮೀಟರ್ ಹಾರಿಹೋಯಿತು. ಸರಿ ಮಾಡಿಸಲು ಇಲ್ಲಿಯ ಒಬ್ಬ ಹಳೇ ಕೆಲಸಗಾರರ ಹತ್ತಿರ ಹೋದೆ. ಹೀಗೆ ಸಣ್ಣ ಶೆಡ್ಡಿನಲ್ಲಿ ಒಬ್ಬರೇ ದುಡಿಯುವವರಿಗೆ ಇಲ್ಲಿ ಲಿಟಲ್ ಮೆಸ್ಟರ್ ಅನ್ನುತ್ತಾರೆ. ಅಲಗನ್ನು ಎರಡು ಬೆರಳಲ್ಲಿ ಹಿಡಿದು ಬೆನ್ನಿನಿಂದ ಬಾಯಿಯವರೆಗೆ ಜಾರಿಸಿ ನೋಡಿ, ‘ಇದು ಚಾಕು ಅಲ್ಲಪ್ಪ, ಉಳಿ’ ಅಂದರು. ನೀರಲ್ಲಿ ಅದ್ದಿ ಅದ್ದಿ, ಬಿಸಿಯಾಗದಂತೆ ಎರಡೂ ಬದಿ ಇಳಿಸಿದರು. ಮಸೆಯುವ ಯಂತ್ರದ ಎರಡು ಬೆಲ್ಟ್ ತಿಂದು ಹಾಕಿತು ಅಂತ ಗೊಣಗಿದರು. ನಾನು ಸುಮ್ನೆ ಇರಲಾರದೆ, ನಮ್ಮ ಭಾಷೆಯ ಉಕ್ಕು ಅನ್ನುವ ಪದದಿಂದಲೇ, ಹಳೇ ಭಾರತದ ಉಕ್ಕಿಗೆ ನೀವು ಹೇಳುವ ವೂಟ್ಸ್ ಅನ್ನುವ ಹೆಸರು ಬಂದದ್ದು ಅಂತಾರೆ ಅಂದೆ. ಅವರು ತಲೆ ಎತ್ತದೆ, ‘ಹಾಗಾದರೆ ನೀನೇ ತಿಕ್ಕಬಹುದಿತ್ತಲ್ಲ’ ಅಂದರು. 25 ಪೌಂಡ್ ತಗೊಂಡರು. ಅವತ್ತಿನಿಂದ ಸೇಬು ಒಡೆದಿಲ್ಲ.

ಕಳೆದ ಸಲ ಊರಿಗೆ ಹೋದಾಗ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದೆ, ಬುದ್ಧಿ ಇಲ್ಲದೆ ಹಲಸಿನ ಹಣ್ಣಿಗೆ ಇದನ್ನೇ ಹಾಕಿದೆ. ಅಲಗಿಗೆ ಒಂದು ಕಲೆಯೂ ಇಲ್ಲ, ಆದರೆ ಮೇಣ ಕೀಲಿನೊಳಗೆ ಸೇರಿ ಚಾಕು ಮಡಚಲೇ ಇಲ್ಲ. ಅಮ್ಮ ತೆಂಗಿನೆಣ್ಣೆ ಬಟ್ಟಲು ತಂದಿಟ್ಟು, ‘ಅಷ್ಟು ದುಡ್ಡು ಕೊಟ್ಟಿದೀಯ, ಮೊದಲು ಎಣ್ಣೆ ಹಚ್ಚಿಕೋಬೇಕು ಅಂತ ಗೊತ್ತಾಗಲಿಲ್ವಾ’ ಅಂತ ಬೈದಳು. ಆಮೇಲೆ ತನ್ನ ಹಳೇ ಕತ್ತಿ ತಗೊಂಡು ಹಣ್ಣು ಮುಗಿಸಿದಳು.

ಸ್ಪ್ರಿಂಗ್ ಇವತ್ತಿಗೂ ಜಾಸ್ತಿ ಬಿಗಿ, ಚಳಿಗಾಲದಲ್ಲಿ ಉಗುರು ಮುರಿಯುತ್ತದೆ. ಇಂಥದ್ದು ತಗೊಳ್ಳುವವರು ಸ್ಟೀಲಿನ ಹೆಸರು ಕೇಳುವ ಮೊದಲು ಬಾಯಿಯ ಹಿಂದೆ ದಪ್ಪ ಎಷ್ಟು ಅಂತ ಕೇಳಿ. ಡೈಮಂಡ್ ಪ್ಲೇಟಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲ್ಯಾಂಬ್ಸ್‌ಫುಟ್ ಮಾರಿಲ್ಲ. ಭಾನುವಾರ ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅದೇ ಊರಿನ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಹರಿತ ಬಂದುಬಿಡುತ್ತದೆ. ಎಂ390 ಅಷ್ಟು ಹೊತ್ತೂ ಪ್ಯಾಂಟಿನ ಜೇಬಲ್ಲೇ ಇರುತ್ತದೆ.